ಒಂದು ಚಿಟಿಕೆ ಮಣ್ಣು ಎಷ್ಟು ಬಣ್ಣ ಹಿಡಿಯುತ್ತದೆ? ಮನೆಯಲ್ಲೇ ನೋಡುವುದು ಹೀಗೆ

ಫಿಲ್ಟರ್ ಅಂದ ತಕ್ಷಣ ನಮಗೆ ನೆನಪಾಗುವುದು ಜರಡಿ. ದೊಡ್ಡದು ಮೇಲೆ ಉಳಿಯುತ್ತದೆ, ಸಣ್ಣದು ಕೆಳಗೆ ಇಳಿಯುತ್ತದೆ. ಆದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್, ಸೀಸ, ಆರ್ಸೆನಿಕ್ ಇಂಥ ಜರಡಿಗೆ ಸಿಗುವಷ್ಟು ದೊಡ್ಡವಲ್ಲ. ಅವನ್ನು ಹಿಡಿಯಬೇಕಾದರೆ ಅವು ಬಂದು ಅಂಟಿಕೊಳ್ಳುವಂಥ ಮೇಲ್ಮೈ ಬೇಕು. ಎಲ್ಲ ಮೇಲ್ಮೈಗೂ ಎಲ್ಲವೂ ಅಂಟುವುದಿಲ್ಲ. ಯಾವುದಕ್ಕೆ ಯಾವುದು ಅಂಟುತ್ತದೆ ಅಂತ ಮನೆಯಲ್ಲೇ ಕಣ್ಣಾರೆ ನೋಡಬಹುದು. ಖರ್ಚೂ ಜಾಸ್ತಿ ಇಲ್ಲ.

ಬೇಕಾಗುವ ಸಾಮಾನು

ಮೀನಿನ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಒಂದು ಬಾಟಲಿ. ಅಡುಗೆಗೆ ಬಳಸುವ ಹಳದಿ ಅಥವಾ ಕೆಂಪು ಬಣ್ಣ. ಮುಲ್ತಾನಿ ಮಿಟ್ಟಿ, ತೊಳೆದು ಒಣಗಿಸಿದ ಮರಳು, ಸಿಕ್ಕರೆ ಎರೆ ಮಣ್ಣು ಮತ್ತು ಕೆಂಪು ಮಣ್ಣು. ಸೂಜಿ ಇಲ್ಲದ ಸಿರಿಂಜ್, ಗಾಜಿನ ಲೋಟಗಳು, ಒಂದು ಗಾಜಿನ ಕಡ್ಡಿ, ಫಿಲ್ಟರ್ ಪೇಪರ್. ಕೈಗೆ ಗ್ಲೌಸ್ ಇರಲಿ, ಹಳೇ ಬಟ್ಟೆ ಹಾಕಿಕೊಳ್ಳಿ. ಮಿಥಿಲೀನ್ ಬ್ಲೂ ಕಲೆ ಸುಲಭಕ್ಕೆ ಹೋಗುವುದಿಲ್ಲ. ಇದನ್ನು ಬಾಯಿಗೆ ಹಾಕಬಾರದು, ಚಿಕ್ಕ ಮಕ್ಕಳ ಕೈಗೆ ಕೊಡಬಾರದು. ಬಳಸಿದ ಲೋಟ ಮತ್ತೆ ಅಡುಗೆಮನೆಗೆ ಹೋಗಬಾರದು.

ಮಣ್ಣು ತರುವಾಗ ಗೊಬ್ಬರ ಬೆರೆತ ಮೇಲ್ಮಣ್ಣು ಬೇಡ. ಗೊಬ್ಬರವೂ ಬಣ್ಣ ಹಿಡಿಯುತ್ತದೆ, ಲೆಕ್ಕ ತಪ್ಪುತ್ತದೆ. ಸ್ವಲ್ಪ ಅಗೆದು ಒಳಗಿನ ಮಣ್ಣು ತೆಗೆದು, ಒಣಗಿಸಿ, ಪುಡಿ ಮಾಡಿ ಸೋಸಿ.

ಹಂತ 1: ನೀಲಿ ಬಣ್ಣ

ಲೋಟದಲ್ಲಿ ಕಾಲು ಭಾಗ ನೀರು ಹಾಕಿ ಒಂದು ಚಿಟಿಕೆ ಮುಲ್ತಾನಿ ಮಿಟ್ಟಿ ಕದಡಿ. ಸಿರಿಂಜ್‌ನಿಂದ ಅರ್ಧ ಎಂಎಲ್ ಮಿಥಿಲೀನ್ ಬ್ಲೂ ಬಿಟ್ಟು ಒಂದು ನಿಮಿಷ ಚೆನ್ನಾಗಿ ಕಲಕಿ. ಈಗ ಕಡ್ಡಿಯ ತುದಿಯಿಂದ ಒಂದು ಹನಿ ತೆಗೆದು ಫಿಲ್ಟರ್ ಪೇಪರ್ ಮೇಲೆ ಇಡಿ.

ಆ ಹನಿಯನ್ನು ಹತ್ತಿರದಿಂದ ನೋಡಿ. ನಡುವೆ ಕಡು ನೀಲಿ ಚುಕ್ಕೆ ಇರುತ್ತದೆ. ಅದು ಬಣ್ಣ ಹಿಡಿದ ಮಣ್ಣು. ಅದರ ಸುತ್ತ ನೀರು ಹರಡಿ ಒದ್ದೆಯಾದ ಒಂದು ಬಳೆ, ಅದಕ್ಕೆ ಬಣ್ಣವೇ ಇಲ್ಲ. ಅಂದರೆ ನೀರಿನಲ್ಲಿ ನೀಲಿ ಉಳಿದೇ ಇಲ್ಲ, ಅಷ್ಟೂ ಮಣ್ಣಿಗೆ ಅಂಟಿದೆ.

ಮತ್ತೆ ಅರ್ಧ ಎಂಎಲ್, ಮತ್ತೆ ಕಲಕಿ, ಮತ್ತೆ ಹನಿ. ಹೀಗೇ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಆ ಒದ್ದೆ ಬಳೆಯ ಅಂಚಿನಲ್ಲಿ ತಿಳಿ ಆಕಾಶನೀಲಿ ಕಾಣುತ್ತದೆ. ಅವಸರ ಬೇಡ. ಬಣ್ಣ ಸೇರಿಸದೆ ಐದು ನಿಮಿಷ ಕಲಕಿ ಇನ್ನೊಂದು ಹನಿ ಇಡಿ. ನೀಲಿ ಅಂಚು ಮಾಯವಾದರೆ ಮಣ್ಣಿನಲ್ಲಿ ಇನ್ನೂ ಜಾಗ ಇತ್ತು ಅಂತ. ಉಳಿದರೆ ತುಂಬಿತು. ಎಷ್ಟು ಎಂಎಲ್ ಆಯಿತು ಬರೆದಿಟ್ಟುಕೊಳ್ಳಿ.

ಇದೇ ಕೆಲಸ ಮರಳು, ಕೆಂಪು ಮಣ್ಣು, ಎರೆ ಮಣ್ಣಿಗೂ ಮಾಡಿ. ಚಿಟಿಕೆ ಒಂದೇ ಅಳತೆ ಇರಲಿ, ಬಾಟಲಿ ಒಂದೇ ಇರಲಿ. ಮರಳು ಬೇಗನೆ ಸೋಲುತ್ತದೆ. ಸಾಮಾನ್ಯವಾಗಿ ಕೆಂಪು ಮಣ್ಣಿಗಿಂತ ಎರೆ ಮಣ್ಣು ಬಹಳ ಜಾಸ್ತಿ ಹಿಡಿಯುತ್ತದೆ. ಕಟ್ಟಡಕ್ಕೆ ಬಳಸುವ ಮರಳಿನಲ್ಲಿ ಜೇಡಿ ಎಷ್ಟಿದೆ ಅಂತ ಪ್ರಯೋಗಾಲಯದಲ್ಲಿ ಅಳೆಯುವುದೂ ಇದೇ ಚುಕ್ಕೆ ಪರೀಕ್ಷೆಯಿಂದಲೇ.

ಯಾಕೆ ಹೀಗೆ? ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಅದು ಪದರ ಪದರ, ಒಂದೊಂದೂ ಸುಮಾರು ಒಂದು ನ್ಯಾನೋಮೀಟರ್ ದಪ್ಪ. ಒಂದು ಗ್ರಾಂ ಶುದ್ಧ ಖನಿಜದ ಎಲ್ಲ ಪದರ ಬಿಡಿಸಿದರೆ 700ರಿಂದ 800 ಚದರ ಮೀಟರ್ ಮೇಲ್ಮೈ ಸಿಗುತ್ತದೆ. ಅಷ್ಟೇ ಅಲ್ಲ. ಹರಳಿನಲ್ಲಿ ಅಲ್ಲಲ್ಲಿ ಅಲ್ಯುಮಿನಿಯಂ ಇರಬೇಕಾದ ಜಾಗದಲ್ಲಿ ಮೆಗ್ನೀಸಿಯಂ ಕೂತಿರುತ್ತದೆ. ಅಲ್ಯುಮಿನಿಯಂಗೆ ಮೂರು ಪ್ಲಸ್ ಚಾರ್ಜ್ (ವಿದ್ಯುದಂಶ), ಮೆಗ್ನೀಸಿಯಂಗೆ ಎರಡೇ. ಆ ಕೊರತೆಯಿಂದ ಇಡೀ ಪದರಕ್ಕೆ ಮೈನಸ್ ಚಾರ್ಜ್ ಬರುತ್ತದೆ. ಮಿಥಿಲೀನ್ ಬ್ಲೂ ನೀರಿನಲ್ಲಿ ಪ್ಲಸ್. ಅದಕ್ಕೇ ಹೋಗಿ ಅಂಟಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ನೀಲಿ ಮಾಯವಾಯಿತು ಎಂದ ಮಾತ್ರಕ್ಕೆ ಅಂಟಿತು ಅಂತ ಹೇಳುವ ಹಾಗಿಲ್ಲ. ಲೋಟವನ್ನು ದಿನಗಟ್ಟಲೆ ಬಿಟ್ಟರೆ ಮಣ್ಣಿನ ಬ್ಯಾಕ್ಟೀರಿಯಾಗಳೂ ಈ ಬಣ್ಣವನ್ನು ಬಿಳಿಚಿಸುತ್ತವೆ. ಡೇರಿಗಳಲ್ಲಿ ಹಾಲಿನ ಗುಣ ನೋಡಲು ಇದೇ ಸಂಗತಿಯನ್ನು ಬಳಸುತ್ತಾರೆ. ಆದ್ದರಿಂದ ಪರೀಕ್ಷೆಯನ್ನು ಆಗಿಂದಾಗಲೇ ಮುಗಿಸಿ. ಅನುಮಾನ ಬಂದರೆ ಗಾಳಿ ಸೇರುವ ಹಾಗೆ ಜೋರಾಗಿ ಅಲ್ಲಾಡಿಸಿ. ಬ್ಯಾಕ್ಟೀರಿಯಾ ಮಾಡಿದ ಕೆಲಸವಾದರೆ ನೀಲಿ ವಾಪಸ್ ಬರುತ್ತದೆ.

ಹಂತ 2: ಅಡುಗೆ ಬಣ್ಣ

ಈಗ ಹೊಸ ಲೋಟ, ಹೊಸ ಚಿಟಿಕೆ ಮುಲ್ತಾನಿ ಮಿಟ್ಟಿ, ನೀಲಿ ಬದಲು ಅಡುಗೆ ಬಣ್ಣ. ಮೊದಲ ಹನಿಯಲ್ಲೇ ಒದ್ದೆ ಬಳೆಗೆ ಬಣ್ಣ ಬಂದಿರುತ್ತದೆ. ಅಷ್ಟು ನೀಲಿ ಹಿಡಿದ ಮಣ್ಣು ಇದನ್ನು ಹಿಡಿಯುತ್ತಲೇ ಇಲ್ಲ, ಅಲ್ವಾ? ನಮ್ಮಲ್ಲಿ ಅನುಮತಿ ಇರುವ ಕೃತಕ ಅಡುಗೆ ಬಣ್ಣಗಳು ನೀರಿನಲ್ಲಿ ಮೈನಸ್. ಮೈನಸ್ ಮೇಲ್ಮೈ ಅವನ್ನು ದೂರ ತಳ್ಳುತ್ತದೆ.

ಹೊಲದಲ್ಲಿ ನಡೆಯುವುದೂ ಇದೇ. ಪೊಟ್ಯಾಷ್, ಅಮೋನಿಯಂ ಪ್ಲಸ್, ಎರೆ ಭೂಮಿ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೈಟ್ರೇಟ್ ಮೈನಸ್, ಜೋರು ಮಳೆ ಬಿದ್ದರೆ ಬೇರಿನಿಂದ ಕೆಳಗಿಳಿದು ಬೋರ್‌ವೆಲ್ ಸೇರುತ್ತದೆ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಪ್ಲಸ್ ಆದ್ದರಿಂದ ಜೇಡಿಗೆ ಅಂಟುತ್ತವೆ. ಆದರೆ ನೀರು ಹುಳಿಯಾದರೆ ಆ ಜಾಗಗಳಿಗೆ ಹೈಡ್ರೋಜನ್ ಪೈಪೋಟಿಗೆ ಬರುತ್ತದೆ, ಲೋಹ ಬಿಟ್ಟುಕೊಂಡು ನೀರಿಗೆ ಬರುತ್ತದೆ.

ಡಿಎನ್‌ಎ ಅಂಟಿಸುವುದು ಹೇಗೆ

ಇದು ಮನೆಯಲ್ಲಿ ಮಾಡುವ ಹಂತವಲ್ಲ, ಆದರೆ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಡಿಎನ್‌ಎ ಮೈನಸ್. ಗಾಜು, ಮರಳಿನ ಸಿಲಿಕಾ ಕೂಡ ಮೈನಸ್. ಅಂಟಲೇಬಾರದು. ಆದರೂ ಅಂಟಿಸುವ ದಾರಿಯನ್ನು ಆಮ್‌ಸ್ಟರ್‌ಡ್ಯಾಮ್‌ನ ಬೂಮ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಮಾದರಿಗೆ ಗ್ವಾನಿಡಿನಿಯಂ ಎಂಬ ಗಡಸು ಲವಣ ಬೆರೆಸುತ್ತಾರೆ. ಅದು ಜೀವಕೋಶ ಒಡೆಯುತ್ತದೆ, ಡಿಎನ್‌ಎ ಮತ್ತು ಸಿಲಿಕಾ ಎರಡರ ಮೈಮೇಲಿನ ನೀರನ್ನು ಕಿತ್ತುಕೊಳ್ಳುತ್ತದೆ, ಚಾರ್ಜ್‌ಗಳ ಜಗಳ ತಣ್ಣಗಾಗುತ್ತದೆ. ಡಿಎನ್‌ಎ ಸಿಲಿಕಾಗೆ ಅಂಟುತ್ತದೆ. ಕೊಳೆಯನ್ನು ಆಲ್ಕೋಹಾಲ್‌ನಿಂದ ತೊಳೆದು, ಕೊನೆಗೆ ಲವಣ ಕಡಿಮೆ ಇರುವ ನೀರು ಹಾಯಿಸಿದರೆ ಡಿಎನ್‌ಎ ಬಿಟ್ಟುಕೊಂಡು ಬರುತ್ತದೆ. ಕೋವಿಡ್ ಕಾಲದಲ್ಲಿ ಗಂಟಲ ಮಾದರಿಯಿಂದ ವೈರಸ್‌ನ ಆರ್‌ಎನ್‌ಎ ತೆಗೆಯಲು ಬಳಸಿದ ಬಹಳಷ್ಟು ಕಿಟ್‌ಗಳ ಒಳಗಿದ್ದದ್ದು ಇದೇ ರಸಾಯನಶಾಸ್ತ್ರ.

ಮಣ್ಣಿನಲ್ಲಿ ಈ ಕೆಲಸವನ್ನು ಕ್ಯಾಲ್ಸಿಯಂ ಮಾಡುತ್ತದೆ. ಎರಡು ಪ್ಲಸ್ ಇರುವ ಕ್ಯಾಲ್ಸಿಯಂ ಒಂದು ಕಡೆ ಜೇಡಿಯನ್ನು, ಇನ್ನೊಂದು ಕಡೆ ಡಿಎನ್‌ಎಯನ್ನು ಹಿಡಿಯುತ್ತದೆ. ಉತ್ತರ ಗ್ರೀನ್‌ಲ್ಯಾಂಡ್‌ನ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಸುಮಾರು 20 ಲಕ್ಷ ವರ್ಷ ಹಳೆಯ ಡಿಎನ್‌ಎ ಸಿಕ್ಕಿದ್ದು 2022ರಲ್ಲಿ ವರದಿಯಾಯಿತು. ಆನೆಯ ದೂರದ ನೆಂಟನಾದ ಮ್ಯಾಸ್ಟೊಡಾನ್‌ನ ಡಿಎನ್‌ಎ ಕೂಡ ಅದರಲ್ಲಿತ್ತು. ಅದು ಅಷ್ಟು ಕಾಲ ಉಳಿಯಲು ಚಳಿ ಒಂದು ಕಾರಣ, ಖನಿಜಗಳ ಮೇಲ್ಮೈಗೆ ಅಂಟಿಕೊಂಡಿದ್ದದ್ದು ಇನ್ನೊಂದು.

ಹಂತ 3: ನಿಮ್ಮ ಮನೆ ನೀರಿಗೆ ಇದನ್ನು ಬಳಸುವುದು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಮೊದಲು ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಮೈನಸ್, ಆದ್ದರಿಂದ ಮರಳು, ಜೇಡಿಯಿಂದ ದೊಡ್ಡ ಉಪಯೋಗವಿಲ್ಲ. ಮಾಮೂಲಿ ಇದ್ದಿಲಿನ ಫಿಲ್ಟರ್ ವಾಸನೆ, ಬಣ್ಣ ತೆಗೆಯಲು ಒಳ್ಳೆಯದೇ, ಫ್ಲೋರೈಡ್‌ಗೆ ಸಾಲದು. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ.

ಬೇಕಾಗುವುದು ಪ್ಲಸ್ ಮೇಲ್ಮೈ. ಆಕ್ಟಿವೇಟೆಡ್ ಅಲ್ಯುಮಿನಾ, ಅಂದರೆ ಸಣ್ಣ ಸಣ್ಣ ರಂಧ್ರಗಳಿರುವ ಅಲ್ಯುಮಿನಿಯಂ ಆಕ್ಸೈಡ್, ಅಂಥದ್ದು. ನೀರು ತುಸು ಹುಳಿ ಇದ್ದಾಗ ಅದು ಚೆನ್ನಾಗಿ ಹಿಡಿಯುತ್ತದೆ, ಕ್ಷಾರ ಜಾಸ್ತಿಯಾದರೆ ಅದರ ಶಕ್ತಿ ಕುಗ್ಗುತ್ತದೆ. ಆರ್ಸೆನಿಕ್‌ಗೆ ಕಬ್ಬಿಣದ ಆಕ್ಸೈಡ್. ಅಲ್ಲಿ ಚಾರ್ಜ್ ಜೊತೆಗೆ ಗಟ್ಟಿ ರಾಸಾಯನಿಕ ಬಂಧವೂ ಆಗುತ್ತದೆ. ಬಾಂಗ್ಲಾದೇಶದ ಮನೆಗಳಿಗಾಗಿ ಅಬುಲ್ ಹುಸ್ಸಾಮ್ ರೂಪಿಸಿದ, 2007ರಲ್ಲಿ ಗ್ರೇಂಜರ್ ಪ್ರಶಸ್ತಿ ಪಡೆದ ಸೋನೋ ಫಿಲ್ಟರ್ ಕಬ್ಬಿಣವನ್ನೇ ನೆಚ್ಚಿಕೊಂಡದ್ದು.

ನೀಲಿ ಅಂಚು ಮೂಡಿದ ಆ ಹನಿಯಂತೆ ಅಲ್ಯುಮಿನಾ ಕೂಡ ಒಂದು ದಿನ ತುಂಬುತ್ತದೆ. ಆಮೇಲೆ ಫ್ಲೋರೈಡ್ ಹಾಗೇ ನಲ್ಲಿಗೆ ಬರುತ್ತದೆ. ಬಣ್ಣವಿಲ್ಲದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಾಸ್ಟಿಕ್ ಸೋಡಾದಿಂದ ತೊಳೆದು, ಆಮೇಲೆ ಆಮ್ಲ ಹಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಇದು ತರಬೇತಿ ಇರುವವರ ಕೆಲಸ. ಹಾಗಾಗಿ ಫಿಲ್ಟರ್ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ಒಳಗೆ ಏನು ತುಂಬಿದ್ದೀರಿ, ನಮ್ಮ ನೀರಿನಲ್ಲಿ ಎಷ್ಟು ಲೀಟರಿಗೆ ಅದು ಮುಗಿಯುತ್ತದೆ, ಮುಗಿದ ಮೇಲೆ ಬದಲಾಯಿಸುವವರು ಯಾರು. ಫಿಲ್ಟರ್ ಹಾಕಿಸಿದ ಮೇಲೂ ಆಗಾಗ ನಲ್ಲಿಯ ನೀರನ್ನೇ ಪರೀಕ್ಷೆಗೆ ಕಳಿಸಿ.