ರೂಸ್‌ಲಾಗೆನ್ ತೀರದಲ್ಲಿ ವಾಲ್ಬೊರಿ ಬೆಂಕಿ: ನಾವು ಸೌದೆ ಒಟ್ಟುವ ಬಗೆ

ಸ್ವೀಡನ್ನಿನಲ್ಲಿ ಏಪ್ರಿಲ್ 30ರ ಸಂಜೆ ಎಂದರೆ ವಾಲ್ಬೊರಿ. ದೊಡ್ಡ ಬೆಂಕಿ ಹಾಕಿ, ಹಾಡು ಹೇಳಿ, ಚಳಿಗಾಲವನ್ನು ಕಳಿಸಿಕೊಡುವ ರಾತ್ರಿ. ಹೆಸರು ಬಂದದ್ದು 8ನೇ ಶತಮಾನದ ಸಂತ ವಾಲ್ಪುರ್ಗಾ ಅವರಿಂದ. ನಾವಿರುವುದು ಸ್ಟಾಕ್‌ಹೋಮಿನಿಂದ ಉತ್ತರಕ್ಕೆ, ರೂಸ್‌ಲಾಗೆನ್ ಕರಾವಳಿಯ ಒಂದು ಸಣ್ಣ ಊರಲ್ಲಿ. ಇಲ್ಲಿ ಬೆಂಕಿಯ ಜವಾಬ್ದಾರಿ ಊರಿನ ಸಂಘದ್ದು. ಸೌದೆ ಒಟ್ಟುವ ಗುಂಪಿನಲ್ಲಿ ನಾನೂ ಇದ್ದೇನೆ. ರಾತ್ರಿ ಉರಿ ನೋಡಲು ಎಲ್ಲರೂ ಬರುತ್ತಾರೆ. ನನಗೆ ಆ ದಿನದ ಹಗಲಿನ ಕೆಲಸವೇ ಜಾಸ್ತಿ ಇಷ್ಟ.

ಸೌದೆ ಸೇರಲು ಶುರುವಾಗುವುದು ಜನವರಿಯಲ್ಲೇ. ಜನವರಿ 13ಕ್ಕೆ ಇಲ್ಲಿ ಕ್ರಿಸ್‌ಮಸ್ ಮುಗಿಯಿತು ಎಂದು ಲೆಕ್ಕ. ಕ್ರಿಸ್‌ಮಸ್‌ಗೆ ಅಲಂಕರಿಸಿ, ಅವತ್ತು ಮನೆಯಿಂದ ಹೊರಹಾಕಿದ ಸ್ಪ್ರೂಸ್ ಮರಗಳನ್ನು ನಾವು ದಡದ ಹತ್ತಿರ ಒಂದು ಮೂಲೆಯಲ್ಲಿ ಇಡುತ್ತೇವೆ. ಮಾರ್ಚ್‌ನಲ್ಲಿ ಸೇಬಿನ ಗಿಡಗಳನ್ನು ಸವರಿದ ಕೊಂಬೆಗಳು ಬರುತ್ತವೆ, ಜೊತೆಗೆ ಬರ್ಚ್ ಮರದ ಪುಳ್ಳೆ. ಬಣ್ಣ ಬಳಿದ ಹಲಗೆ, ಟೈರು, ಹಳೇ ಸೋಫಾ ಯಾವುದೂ ಬೇಡ. ಹಸಿರು ಛಾಯೆಯ ಹಲಗೆಯನ್ನಂತೂ ಮುಲಾಜಿಲ್ಲದೆ ವಾಪಸ್ ಕಳಿಸುತ್ತೇವೆ. ಅದು ಕೊಳೆಯದಿರಲೆಂದು ರಾಸಾಯನಿಕ ಕುಡಿಸಿದ ಮರ. ಹಳೆಯದಾದರೆ ಅದರಲ್ಲಿ ಆರ್ಸೆನಿಕ್ ಇರುತ್ತದೆ. ಮಕ್ಕಳು ಅದೇ ಹೊಗೆಯ ಪಕ್ಕ ನಿಂತು ಸಾಸೇಜ್ ತಿನ್ನುತ್ತಾರೆ ಅಲ್ವಾ?

ಜಾಗದ ವಿಷಯ. ಈ ತೀರದ ತುಂಬ ನುಣ್ಣನೆಯ ಬಂಡೆಗಳು. ಹೊಸಬರು ನೋಡಿದರೆ ಬೆಂಕಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಅಂದುಕೊಳ್ಳುತ್ತಾರೆ. ಬಂಡೆಯ ಮೇಲೆ ಮಾತ್ರ ಬೆಂಕಿ ಹಾಕಬಾರದು. ಕಾದ ಕಲ್ಲು ಬಿರುಕು ಬಿಡುತ್ತದೆ, ಚಕ್ಕೆ ಏಳುತ್ತದೆ. ಹಿಮಯುಗದ ಮಂಜುಗಡ್ಡೆ ಉಜ್ಜಿ ನಯ ಮಾಡಿದ ಕಲ್ಲು ಅದು. ಒಮ್ಮೆ ಒಡೆದರೆ ಕಲೆ ಹೋಗುವುದೇ ಇಲ್ಲ. ಅದಕ್ಕೇ ನಾವು ಜಲ್ಲಿಕಲ್ಲು, ಮರಳು ಇರುವ ಕಡೆ ಹಾಕುತ್ತೇವೆ. ಬಾಲ್ಟಿಕ್ ಸಮುದ್ರದಲ್ಲಿ ಉಬ್ಬರ ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನೀರಿಗೆ ಹತ್ತಿರವಾಗಿಯೇ ಒಟ್ಟಬಹುದು.

ಇನ್ನು ಹಗಲಿನ ಕೆಲಸ. ಮೂರು ತಿಂಗಳಿಂದ ಬಿದ್ದಿರುವ ರಾಶಿಗೆ ಹಾಗೇ ಬೆಂಕಿ ಇಡುವಂತಿಲ್ಲ. ಅದರೊಳಗೆ ಹೆಡ್ಜ್‌ಹಾಗ್ ಇರಬಹುದು. ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿ, ನಮ್ಮ ಮುಳ್ಳುಹಂದಿಗಿಂತ ತುಂಬ ಚಿಕ್ಕದು. ಚಳಿಗಾಲವಿಡೀ ಒಣಎಲೆಯ ಗೂಡಿನಲ್ಲಿ ಮಲಗಿರುತ್ತದೆ. ಅಪಾಯ ಕಂಡರೆ ಓಡುವುದಿಲ್ಲ, ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಬೆಂಕಿಯ ಎದುರು ಅದು ಸಾವೇ. ಆದ್ದರಿಂದ 30ರ ಬೆಳಿಗ್ಗೆ ಇಡೀ ರಾಶಿಯನ್ನು ಕೈಯಲ್ಲೇ ಬಿಚ್ಚಿ, ಪಕ್ಕದ ಜಲ್ಲಿಯ ಮೇಲೆ ಹೊಸದಾಗಿ ಒಟ್ಟುತ್ತೇವೆ. ತಳದ ಪದರಕ್ಕೆ ಬಂದಾಗ ಎಲ್ಲರ ಕೈ ನಿಧಾನವಾಗುತ್ತದೆ. ಒದ್ದೆ ಎಲೆಯನ್ನು ಒಂದೊಂದೇ ಹಿಡಿ ಎತ್ತುತ್ತೇವೆ. ಒಂದು ವರ್ಷ ಸ್ಪ್ರೂಸ್ ಕೊಂಬೆಯ ಕೆಳಗೆ ಒಂದು ಸಿಕ್ಕಿತು. ದಪ್ಪ ಗ್ಲೌಸ್ ಹಾಕಿದ ಅಂಗೈಯಲ್ಲಿ ಎತ್ತಿಕೊಂಡೆ. ಬಿಗಿಯಾದ ಉಂಡೆ, ಉಸಿರಿಗೆ ಮುಳ್ಳುಗಳು ಮೆಲ್ಲಗೆ ಏಳುತ್ತಿದ್ದವು, ಬೀಳುತ್ತಿದ್ದವು. ದೂರದ ಪೊದೆಯ ಕೆಳಗೆ, ಅದರದೇ ಎಲೆಗಳ ಜೊತೆ ಇಟ್ಟು ಬಂದೆವು.

ಒಟ್ಟುವ ಕ್ರಮ ಹೀಗೆ. ನಡುವೆ ಒಣಗಿದ ಪುಳ್ಳೆ ಮತ್ತು ಬರ್ಚ್ ತೊಗಟೆ. ಈ ತೊಗಟೆಯಲ್ಲಿ ಎಣ್ಣೆಯಂಥ ಅಂಶ ಇರುವುದರಿಂದ ಒದ್ದೆಯಿದ್ದರೂ ಹತ್ತಿಕೊಳ್ಳುತ್ತದೆ. ಸೀಮೆಎಣ್ಣೆ, ಪೆಟ್ರೋಲು ಮುಟ್ಟುವುದೇ ಇಲ್ಲ. ಸುತ್ತ ಉದ್ದನೆ ಕೊಂಬೆಗಳನ್ನು ತುದಿ ಸೇರುವಂತೆ ಒರಗಿಸಬೇಕು, ಬುಡದಲ್ಲಿ ಗಾಳಿಗೆ ದಾರಿ ಬಿಡಬೇಕು. ಸ್ಪ್ರೂಸ್ ಮರಗಳನ್ನು ಒಳಗೆ ಸೇರಿಸಿ ಮೇಲೆ ಭಾರದ ಕೊಂಬೆ ಹೇರುತ್ತೇವೆ. ಅಂಟು ತುಂಬಿದ ಮರ, ಹತ್ತಿದರೆ ಪಟಪಟ ಸಿಡಿಯುತ್ತದೆ.

ಜಾಗದ ಮಾಲೀಕರ ಒಪ್ಪಿಗೆ ಮೊದಲೇ ಆಗಿರಬೇಕು. ಬೆಂಕಿ ನಿಷೇಧ ಇದೆಯೇ ಎಂದು ಅದೇ ದಿನ ನೋಡಬೇಕು. ಇದು ನೆಪಕ್ಕೆ ಮಾಡುವ ನಿಯಮ ಅಲ್ಲ. ಏಪ್ರಿಲ್ ಕೊನೆಗೆ ಹೊಸ ಹುಲ್ಲು ಇನ್ನೂ ಎದ್ದಿರುವುದಿಲ್ಲ, ಹೋದ ವರ್ಷದ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು. ಸಂಜೆ ಆರರ ಹೊತ್ತಿಗೆ ದಡದ ಹುಲ್ಲಿಗೆಲ್ಲ ಬಕೆಟ್‌ನಲ್ಲಿ ಸಮುದ್ರದ ನೀರು ಹೊಯ್ಯುತ್ತೇವೆ. ಗಾಳಿ ನೆಲದಿಂದ ನೀರಿನ ಕಡೆ ಬೀಸುತ್ತಿದ್ದರೆ ನಿರಾಳ, ಕಿಡಿಗಳೆಲ್ಲ ಕಡಲಿಗೆ ಬೀಳುತ್ತವೆ. ಜೋರು ಗಾಳಿ ಊರಿನ ಕಡೆ ತಿರುಗಿದರೆ ಬೆಂಕಿ ಇಲ್ಲ. ಹಾಡು, ಕಾಫಿ ಅಷ್ಟೇ. ಈ ಮಾತಿನಲ್ಲಿ ರಾಜಿ ಇಲ್ಲ.

ಸೂರ್ಯ ಮುಳುಗುವುದು ಎಂಟೂವರೆ ದಾಟಿದ ಮೇಲೆ. ಆಗ ಒಂದೇ ಬದಿಯಿಂದ ಹಚ್ಚುತ್ತೇವೆ, ಒಳಗೆ ಏನಾದರೂ ಉಳಿದಿದ್ದರೆ ಇನ್ನೊಂದು ಬದಿಯಿಂದ ಓಡಲಿ ಅಂತ. ಬಿಳಿ ಟೋಪಿ ಹಾಕಿಕೊಂಡ ಗಾಯಕರ ಗುಂಪು ವಸಂತದ ಹಳೆಯ ಹಾಡುಗಳನ್ನು ಹಾಡುತ್ತದೆ. ಒಬ್ಬರು ವಸಂತದ ಬಗ್ಗೆ ಸಣ್ಣ ಭಾಷಣ ಮಾಡುತ್ತಾರೆ. ಆಮೇಲೆ ಎಲ್ಲರೂ ಸೇರಿ ನಾಲ್ಕು ಸಲ ಹುರ್ರಾ. ಅವತ್ತೇ ರಾಜ 16ನೇ ಕಾರ್ಲ್ ಗುಸ್ತಾಫ್ ಅವರ ಹುಟ್ಟುಹಬ್ಬ, ಹಾಗಾಗಿ ಬಾವುಟಗಳೂ ಹಾರಿರುತ್ತವೆ. ಉಪ್ಸಾಲಾ, ಲುಂಡ್‌ನಂಥ ಊರುಗಳಲ್ಲಿ ಇದು ವಿದ್ಯಾರ್ಥಿಗಳ ಹಬ್ಬ, ಗದ್ದಲ ಬೆಳಿಗ್ಗೆಯಿಂದಲೇ. ಪಶ್ಚಿಮ ಸ್ವೀಡನ್ನಿನ ಎಷ್ಟೋ ಕಡೆ ಬೆಂಕಿ ಹಾಕುವುದು ಈಸ್ಟರ್‌ಗೆ.

ಅಮ್ಮ ಮಂಡ್ಯದಿಂದ ಬಂದಿದ್ದಾಗ ಸ್ವೆಟರ್ ಮೇಲೆ ಶಾಲು ಹೊದ್ದು ನಿಂತಿದ್ದರು. "ಇದು ನಮ್ಮ ಸಂಕ್ರಾಂತಿ ಕಿಚ್ಚು ಇದ್ದಂಗೈತಲ್ಲೋ, ದನ ಎಲ್ಲಿ?" ಅಂದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಹಿಂದೆ ಇಲ್ಲಿ ಮೇ ತಿಂಗಳ ಆರಂಭಕ್ಕೆ ದನಕುರಿಗಳನ್ನು ಹುಲ್ಲುಗಾವಲಿಗೆ ಬಿಡುತ್ತಿದ್ದರು. ಕಾಡುಪ್ರಾಣಿಗಳನ್ನು ಹೆದರಿಸಿ ಓಡಿಸಲು ಹಿಂದಿನ ರಾತ್ರಿ ಬೆಂಕಿ ಹಾಕಿ, ಗಟ್ಟಿಯಾಗಿ ಕೂಗುತ್ತಿದ್ದರಂತೆ. ಪಕ್ಕದ ಮನೆಯ ಅಜ್ಜಿಗೆ ಅಮ್ಮನ ಮಾತನ್ನು ಸ್ವೀಡಿಷ್‌ನಲ್ಲಿ ಹೇಳಿದೆ. ದನಕ್ಕೆ ಬಣ್ಣ ಹಚ್ಚಿ ಕಿಚ್ಚು ಹಾಯಿಸುತ್ತೇವೆ ಅಂದಾಗ ಅವರು ಫೋಟೋ ಕೇಳಿದರು. ಅಮ್ಮ ಅಲ್ಲೇ ಫೋನ್ ತೆಗೆದು ಊರಿನ ಎತ್ತುಗಳನ್ನು ತೋರಿಸಿದರು.

ಜನ ಮನೆಗೆ ಹೋದ ಮೇಲೂ ಇಬ್ಬರು ಸರದಿಯಲ್ಲಿ ಕಾಯುತ್ತೇವೆ. ಮೇ 1 ರಜೆ, ನಿದ್ದೆಗೆ ತೊಂದರೆಯಿಲ್ಲ. ಬೆಳಿಗ್ಗೆ ಬೂದಿಯನ್ನು ಕೆದಕಿ, ನೀರು ಹಾಕಿ, ಮತ್ತೆ ಕೆದಕಿ, ತಳದ ಜಲ್ಲಿ ಕೈಗೆ ತಣ್ಣಗೆ ಸಿಗುವವರೆಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಮಕ್ಕಳು ಇಲ್ಲೇ ಬರಿಗಾಲಲ್ಲಿ ನೀರಿಗಿಳಿಯುವುದರಿಂದ ಮೊಳೆ, ತಂತಿಗಳನ್ನೂ ಹೆಕ್ಕುತ್ತೇವೆ. ಈ ಕಡೆ ಇರುವ ಕನ್ನಡಿಗರು ನಿಮ್ಮ ಊರಿನ ಸಂಘವನ್ನು ಕೇಳಿ ನೋಡಿ. ರಾಶಿ ಬಿಚ್ಚಲು ಎಲ್ಲ ಕಡೆಯೂ ಕೈ ಕಡಿಮೆಯೇ. ದಪ್ಪ ಗ್ಲೌಸ್ ಇದ್ದರೆ ಸಾಕು.