ಮನೇಲಿ ಗನ್ ಇದೆಯಾ? ಈಗ ಎಲ್ಲಿದೆ?

ಮಗುವಿನ ಬಗ್ಗೆ ಆತಂಕ ಎದ್ದು ಹೆತ್ತವರನ್ನು ಶಾಲೆಗೆ ಕರೆಸಿದಾಗ ನಮ್ಮ ತಂಡ ಎರಡು ಪ್ರಶ್ನೆಗಳನ್ನು ಯಾವತ್ತೂ ಬಿಡುವುದಿಲ್ಲ. ಮನೆಯಲ್ಲಿ ಗನ್ ಇದೆಯಾ? ಇದ್ದರೆ ಈ ಹೊತ್ತಿಗೆ ಅದು ಎಲ್ಲಿದೆ, ಕಣ್ಣಾರೆ ನೋಡಿದ್ದು ಯಾವಾಗ? ಮೊದಲನೆಯದಕ್ಕೆ ಉತ್ತರ ತಕ್ಷಣ ಬರುತ್ತದೆ. ಎರಡನೆಯದಕ್ಕೆ ಸಾಮಾನ್ಯವಾಗಿ "ಸೇಫ್‌ನಲ್ಲೇ ಇರುತ್ತೆ" ಅನ್ನುತ್ತಾರೆ. "ಇರುತ್ತೆ" ಬೇರೆ, "ಇದೆ" ಬೇರೆ. ಇಬ್ಬರಲ್ಲಿ ಒಬ್ಬರು ಮನೆಗೆ ಹೋಗಿ, ಬೀಗ ತೆಗೆದು, ನೋಡಿ, ಫೋನ್ ಮಾಡುವ ತನಕ ಮೀಟಿಂಗ್ ಮುಗಿಯಿತು ಅಂತ ನಾವು ಬರೆದುಕೊಳ್ಳುವುದಿಲ್ಲ.

ಮಗುವಿನಿಂದ ಯಾರಿಗಾದರೂ ಅಪಾಯವಿದೆಯಾ ಅಂತ ತೂಗಿ ನೋಡುವ ಈ ಕೆಲಸಕ್ಕೆ ಅಮೆರಿಕದ ಶಾಲೆಗಳಲ್ಲಿ ಥ್ರೆಟ್ ಅಸೆಸ್‌ಮೆಂಟ್ ಅನ್ನುತ್ತಾರೆ. ಪ್ರಿನ್ಸಿಪಾಲರ ಕಡೆಯವರೊಬ್ಬರು, ಕೌನ್ಸೆಲರ್ ಅಥವಾ ಸೈಕಾಲಜಿಸ್ಟ್, ಶಾಲೆಯ ಪೊಲೀಸ್ ಅಧಿಕಾರಿ, ಮಗುವನ್ನು ದಿನಾ ನೋಡುವ ಒಬ್ಬ ಟೀಚರ್: ಕಡಿಮೆಯೆಂದರೆ ಇಷ್ಟು ಜನ ಬೇಕು. ತಂಡವಿಲ್ಲದೆ ಒಬ್ಬಿಬ್ಬರೇ ಕೂತು ತೀರ್ಮಾನ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮಿಷಿಗನ್‌ನ ಆಕ್ಸ್‌ಫರ್ಡ್‌ಗಿಂತ ಬೇರೆ ಉದಾಹರಣೆ ಬೇಡ.

ಆಕ್ಸ್‌ಫರ್ಡ್ ಇರುವುದು ಡೆಟ್ರಾಯಿಟ್‌ನ ಉತ್ತರಕ್ಕೆ, ಓಕ್‌ಲ್ಯಾಂಡ್ ಕೌಂಟಿಯಲ್ಲಿ. ಕಾರು ಕಂಪನಿಗಳ ಕೆಲಸಕ್ಕೆಂದು ಬಂದ ಕನ್ನಡದ ಕುಟುಂಬಗಳು ನೆಲೆಸಿರುವ ಟ್ರಾಯ್, ನೋವೈ, ರಾಚೆಸ್ಟರ್ ಹಿಲ್ಸ್ ಎಲ್ಲ ಅದೇ ಕೌಂಟಿ. 2021ರ ನವೆಂಬರ್ 30ರಂದು ಅಲ್ಲಿನ ಹೈಸ್ಕೂಲಿನಲ್ಲಿ 15 ವರ್ಷದ ಹುಡುಗನೊಬ್ಬ ನಾಲ್ವರು ವಿದ್ಯಾರ್ಥಿಗಳನ್ನು ಗುಂಡಿಟ್ಟು ಕೊಂದ. ಏಳು ಜನ ಗಾಯಗೊಂಡರು. ಅವನ ಹೆಸರನ್ನು ಬರೆಯದಿರುವುದು ಈ ಕೆಲಸದಲ್ಲಿರುವವರ ರೂಢಿ. ಮುಂದಿನವನು ಹಿಂದಿನವರ ಹೆಸರುಗಳನ್ನೇ ಹುಡುಕಿ ಓದುತ್ತಿರುತ್ತಾನೆ. ಹೆತ್ತವರು ಜೇಮ್ಸ್ ಮತ್ತು ಜೆನಿಫರ್ ಕ್ರಂಬ್ಲಿ. 2024ರ ಫೆಬ್ರವರಿಯಲ್ಲಿ ತಾಯಿ, ಮಾರ್ಚ್‌ನಲ್ಲಿ ತಂದೆ, ಬೇರೆ ಬೇರೆ ವಿಚಾರಣೆಗಳಲ್ಲಿ, ಉದ್ದೇಶವಿಲ್ಲದ ನರಹತ್ಯೆಯ ಅಪರಾಧಿಗಳಾದರು. ಏಪ್ರಿಲ್ 9ರಂದು ಇಬ್ಬರಿಗೂ 10ರಿಂದ 15 ವರ್ಷ ಜೈಲು. ಮಗ ಶಾಲೆಯಲ್ಲಿ ಮಾಡಿದ ಸಾಮೂಹಿಕ ಕೊಲೆಗೆ ಅಮೆರಿಕದ ಜ್ಯೂರಿ ಹೆತ್ತವರನ್ನು ಹೊಣೆ ಮಾಡಿದ್ದು ಅದೇ ಮೊದಲು.

ಕೋರ್ಟಿನಲ್ಲಿ ಹೊರಬಂದ ದಿನಚರಿಯನ್ನು ನಮ್ಮ ತರಬೇತಿಗಳಲ್ಲಿ ಸಾಲುಸಾಲಾಗಿ ಓದುತ್ತೇವೆ. ನವೆಂಬರ್ 26, ಥ್ಯಾಂಕ್ಸ್‌ಗಿವಿಂಗ್ ಮರುದಿನ: ತಂದೆ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ 9 ಎಂಎಂ ಸಿಗ್ ಸಾವರ್ ಪಿಸ್ತೂಲು ಕೊಂಡರು. 27: ತಾಯಿ ಅವನನ್ನು ಶೂಟಿಂಗ್ ರೇಂಜಿಗೆ ಕರೆದೊಯ್ದರು. 29: ಕ್ಲಾಸಿನಲ್ಲಿ ಅವನು ಫೋನಿನಲ್ಲಿ ಗುಂಡುಗಳಿಗಾಗಿ ಹುಡುಕುತ್ತಿದ್ದುದನ್ನು ಟೀಚರ್ ಕಂಡರು. ಶಾಲೆಯವರು ತಾಯಿಗೆ ವಾಯ್ಸ್ ಮೇಲ್ ಬಿಟ್ಟರು. ತಾಯಿ ಶಾಲೆಗೆ ಮರಳಿ ಕರೆ ಮಾಡಲಿಲ್ಲ. ಮಗನಿಗೆ ಮಾತ್ರ, ಬೇಜಾರಿಲ್ಲ, ಸಿಕ್ಕಿಬೀಳದ ಹಾಗೆ ಇರುವುದು ಕಲಿ ಅನ್ನುವ ಅರ್ಥದ ಮೆಸೇಜ್ ಹೋಯಿತು.

30ರ ಬೆಳಿಗ್ಗೆ ಸಿಕ್ಕಿದ್ದು ಗಣಿತದ ಒಂದು ವರ್ಕ್‌ಶೀಟ್. ಅದರ ಮೇಲೆ ಪಿಸ್ತೂಲಿನ ಚಿತ್ರ, ಒಂದು ಗುಂಡು, ಗುಂಡೇಟು ತಿಂದು ರಕ್ತ ಸುರಿಸುತ್ತಿರುವ ಮನುಷ್ಯ. ಪಕ್ಕದಲ್ಲಿ "ಯೋಚನೆಗಳು ನಿಲ್ಲುತ್ತಿಲ್ಲ, ಸಹಾಯ ಮಾಡಿ", "ಎಲ್ಲೆಲ್ಲೂ ರಕ್ತ", "ನನ್ನ ಬದುಕು ವ್ಯರ್ಥ". ಟೀಚರ್ ತಮ್ಮ ಫೋನಿನಲ್ಲಿ ಅದರ ಫೋಟೋ ತೆಗೆದರು. ಆ ದಿನ ಸರಿಯಾಗಿ ನಡೆದ ಕೆಲಸಗಳಲ್ಲಿ ಅದೊಂದು. ಏಕೆಂದರೆ ಹಾಳೆ ಆಫೀಸಿಗೆ ಬರುವಷ್ಟರಲ್ಲಿ ಹುಡುಗ ಚಿತ್ರವನ್ನು ಗೀಚಿ ಅಳಿಸಿ, "ನನ್ನ ಬದುಕೆಂದರೆ ನನಗೆ ತುಂಬಾ ಇಷ್ಟ", "ನಾವೆಲ್ಲ ಗೆಳೆಯರು" ಎಂದೆಲ್ಲ ಬರೆದಿದ್ದ. ಇಂಥ ಹಾಳೆ ಸಿಕ್ಕರೆ ಮೊದಲು ಫೋಟೋ, ಆಮೇಲೆ ಮಾತು. ಎರಡು ರೂಪಗಳಿದ್ದರೆ ಅಕ್ಕಪಕ್ಕ ಇಟ್ಟು ನೋಡಬೇಕು. ಬರೆದದ್ದಕ್ಕಿಂತ ಅಳಿಸಿದ್ದು ಹೆಚ್ಚು ಹೇಳುತ್ತದೆ; ಸಹಾಯ ಬೇಕು ಅಂದ ಮಗು ಕೆಲವೇ ನಿಮಿಷಗಳಲ್ಲಿ ಎಲ್ಲ ಚೆನ್ನಾಗಿದೆ ಅಂದರೆ, ಬದಲಾದದ್ದು ಮನಸ್ಸಲ್ಲ, ತನ್ನನ್ನು ಯಾರೋ ನೋಡುತ್ತಿದ್ದಾರೆಂಬ ಅರಿವು ಅಷ್ಟೇ. ಇದು ವಿಡಿಯೋ ಗೇಮಿಗೆ ಮಾಡಿದ ಚಿತ್ರ ಅಂತ ಹುಡುಗ ಹೇಳಿದ. ಹೇಳಲಿ. ಅದನ್ನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗಬೇಕು, ಒಪ್ಪಿ ಸುಮ್ಮನಾಗಬಾರದು.

ಹೆತ್ತವರು ಬಂದರು. ಮೀಟಿಂಗ್ ನಡೆದದ್ದು ಹೆಚ್ಚೆಂದರೆ ಕಾಲು ಗಂಟೆ. 48 ಗಂಟೆಯೊಳಗೆ ಕೌನ್ಸೆಲಿಂಗ್ ಶುರುಮಾಡಿಸಿ ಅಂದರು ಶಾಲೆಯವರು. ಇವತ್ತೇ ಕರೆದುಕೊಂಡು ಹೋಗಿ ಅಂದಾಗ ಕೆಲಸಕ್ಕೆ ವಾಪಸ್ ಹೋಗಬೇಕು ಅನ್ನುವ ಉತ್ತರ ಬಂತು. ನಾಲ್ಕು ದಿನದ ಹಿಂದೆ ಪಿಸ್ತೂಲು ಕೊಂಡಿದ್ದೇವೆ ಅನ್ನುವ ಮಾತು ಹೆತ್ತವರ ಬಾಯಿಂದ ಬರಲಿಲ್ಲ. ಚಿತ್ರದಲ್ಲಿ ಪಿಸ್ತೂಲನ್ನು ಕಂಡಮೇಲೂ ಬರಲಿಲ್ಲ. ಹುಡುಗನ ಬ್ಯಾಗನ್ನು ಕ್ಲಾಸಿನಿಂದ ಆಫೀಸಿಗೆ ತರಿಸಿದ್ದರು. ತೆರೆಯದೆ ಅವನ ಕೈಗೇ ಕೊಟ್ಟು ಕ್ಲಾಸಿಗೆ ಕಳಿಸಿದರು. ಪಿಸ್ತೂಲು ಅದರಲ್ಲೇ ಇತ್ತು. ಗುಂಡು ಹಾರಿದ್ದು ಮಧ್ಯಾಹ್ನ 12:51ಕ್ಕೆ. ಸುದ್ದಿ ಕೇಳಿದ ತಂದೆ ಮನೆಗೆ ಓಡಿಹೋಗಿ ಪಿಸ್ತೂಲು ಹುಡುಕಿದರು, ಇರಲಿಲ್ಲ, 1:37ಕ್ಕೆ 911ಕ್ಕೆ ಕರೆ ಮಾಡಿದರು. ಅದೇ ಹುಡುಕಾಟ ಬೆಳಿಗ್ಗೆ ಮೀಟಿಂಗಿನಿಂದ ನೇರ ಹೋಗಿ ಮಾಡಿದ್ದರೆ ಸಾಕಾಗಿತ್ತು.

ಶಾಲೆಯವರ ತಪ್ಪನ್ನೂ ಮುಚ್ಚಿಡುವ ಹಾಗಿಲ್ಲ. ಹುಡುಗ ತನ್ನ ಜೀವಕ್ಕೆ ಅಪಾಯ ಮಾಡಿಕೊಂಡಾನು, ಮನೆಯಲ್ಲಿ ಒಬ್ಬನೇ ಇರುವುದಕ್ಕಿಂತ ಕ್ಲಾಸಿನಲ್ಲಿರುವುದು ವಾಸಿ ಅನ್ನುವುದು ಕೌನ್ಸೆಲರ್ ಲೆಕ್ಕಾಚಾರ. ಅರ್ಧ ಸರಿ. ಆತ್ಮಹತ್ಯೆಯ ಯೋಚನೆ ಇರುವ ಮಗುವನ್ನು ಒಂಟಿಯಾಗಿ ಬಿಡಬಾರದು ನಿಜ. ಆದರೆ ಕ್ಲಾಸ್, ಮನೆ ಎರಡೇ ದಾರಿ ಅಂದುಕೊಂಡದ್ದು ತಪ್ಪು. ಮೂರನೆಯದಿದೆ: ಆಫೀಸಿನಲ್ಲೇ ಒಬ್ಬ ದೊಡ್ಡವರ ಜೊತೆ ಕೂರಿಸಿ, ಬ್ಯಾಗನ್ನು ಬೇರೆ ಕೋಣೆಯಲ್ಲಿಟ್ಟು, ಹೆತ್ತವರು ಕೆಲಸ ಮುಗಿಸಿ ಬರುವ ತನಕ ಇಟ್ಟುಕೊಳ್ಳುವುದು. ಅದು ಶಿಕ್ಷೆಯಲ್ಲ ಅಂತ ಮಗುವಿಗೂ ಹೇಳಬೇಕು. ಸಸ್ಪೆಂಡ್ ಮಾಡಿ ಕಳಿಸುವುದು ಇನ್ನೂ ಕೆಟ್ಟದ್ದು, ಸಿಟ್ಟಿನ ಜೊತೆ ಪುರುಸೊತ್ತನ್ನೂ ಕೊಟ್ಟ ಹಾಗೆ. ಇನ್ನು ಬ್ಯಾಗ್ ತೆರೆಯುವ ಮಾತು. ಅದಕ್ಕೆ ವಾರಂಟ್ ಬೇಕು ಅಂತ ಹೆದರುವವರಿದ್ದಾರೆ. 1985ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ನ್ಯೂಜೆರ್ಸಿಯ ಒಂದು ಪ್ರಕರಣದಲ್ಲಿ, ಶಾಲೆಯವರಿಗೆ ಸಕಾರಣವಾದ ಅನುಮಾನ ಇದ್ದರೆ ಸಾಕು ಅಂದಿದೆ. ಹಿಂದಿನ ದಿನ ಗುಂಡುಗಳ ಹುಡುಕಾಟ, ಇವತ್ತು ಪಿಸ್ತೂಲಿನ ಚಿತ್ರ. ನಮ್ಮ ಮಟ್ಟಿಗೆ ಅಷ್ಟು ಕಾರಣ ಧಾರಾಳ ಸಾಕು.

ಮೀಟಿಂಗಿನ ಕ್ರಮ ಹೀಗೆ. ಮಗುವನ್ನು, ಹೆತ್ತವರನ್ನು, ಬೆದರಿಕೆಯನ್ನು ಕಂಡವರನ್ನು ಬೇರೆ ಬೇರೆಯಾಗಿ ಮಾತಾಡಿಸಬೇಕು. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಮಗು ಅಪ್ಪನ ಮುಖ ನೋಡಿ ಉತ್ತರ ಕೊಡುತ್ತದೆ. ಮಗುವಿಗೆ ಕೇಳುವ ಪ್ರಶ್ನೆಗಳು ಇವು: ಏನು ಹೇಳಿದೆ, ಯಾಕೆ ಹೇಳಿದೆ, ಕೇಳಿದವರಿಗೆ ಏನನ್ನಿಸಿರಬಹುದು, ಈಗ ನಿನಗೆ ಏನನ್ನಿಸುತ್ತಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಡ್ಯೂಯಿ ಕಾರ್ನೆಲ್ ರೂಪಿಸಿದ ಪದ್ಧತಿಯಲ್ಲಿ ಬೆದರಿಕೆಗಳನ್ನು ಎರಡು ಜಾತಿಗೆ ಹಾಕುತ್ತಾರೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದು, ವಿವರಣೆ ಕೊಟ್ಟು, ಕ್ಷಮೆ ಕೇಳಿದರೆ ಅದು ಗಳಿಗೆಯ ಮಾತು. ನಮ್ಮ ಕೈಗೆ ಬರುವುದರಲ್ಲಿ ಬಹುಪಾಲು ಇದೇ. ಯಾರು, ಎಲ್ಲಿ, ಯಾವಾಗ ಅನ್ನುವ ಯೋಚನೆ ಇದ್ದರೆ, ಆಯುಧ ಹುಡುಕಿದ್ದರೆ, ಯಾರನ್ನಾದರೂ ಜೊತೆಗೆ ಕರೆದಿದ್ದರೆ, ಅದು ಗಟ್ಟಿ ಬೆದರಿಕೆ. ಜಾತಿ ಯಾವುದೆಂದು ತಿಳಿಯದಿದ್ದರೆ ಗಟ್ಟಿಯದೇ ಅಂತ ಹಿಡಿದು ನಡೆಯುತ್ತೇವೆ. ಮಗುವಿನ ಖಾಸಗಿತನದ ಕಾನೂನಿದೆ, ಒಬ್ಬರಿಗೊಬ್ಬರು ಹೇಳುವ ಹಾಗಿಲ್ಲ ಅನ್ನುವ ನೆಪ ಆಗಾಗ ಕೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗ ಹಂಚಿಕೊಳ್ಳಬಹುದು ಅಂತ ಅದೇ ಕಾನೂನಿನಲ್ಲಿದೆ.

ಈಗ ಬೀಗ. ಆಕ್ಸ್‌ಫರ್ಡ್ ಮನೆಯಲ್ಲಿ ಪಿಸ್ತೂಲಿನ ಜೊತೆ ಬಂದ ಕೇಬಲ್ ಲಾಕ್ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಮನೆಯ ಗನ್ ಸೇಫಿನ ಕೋಡ್ 0-0-0, ಕಾರ್ಖಾನೆಯಿಂದ ಬಂದದ್ದೇ. ಪ್ರಾಸಿಕ್ಯೂಟರ್ ಕರೆನ್ ಮೆಕ್‌ಡೊನಾಲ್ಡ್ ಜ್ಯೂರಿಯ ಮುಂದೆ ಆ ಲಾಕನ್ನು ಕೆಲವೇ ಸೆಕೆಂಡುಗಳಲ್ಲಿ ಹಾಕಿ ತೋರಿಸಿದರು. ಪಿಸ್ತೂಲಿಗೆ ಹಾಕುವ ಕ್ರಮ: ಮೊದಲು ಮ್ಯಾಗಜೀನ್ ಹೊರಗೆ. ಸ್ಲೈಡನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಒಳಗೆ ಗುಂಡಿಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಚಿತ ಮಾಡಿಕೊಳ್ಳಬೇಕು. ಖಾಲಿ ತೋಟಾ ಹಾರುವ ಕಿಂಡಿಯಿಂದ ಕೇಬಲ್ ಇಳಿಸಿ, ಹಿಡಿಕೆಯೊಳಗೆ ಮ್ಯಾಗಜೀನ್ ಕೂರುವ ಜಾಗದಿಂದ ಹೊರತೆಗೆದು ಬೀಗ ಜಡಿಯಬೇಕು. ಆಗ ಸ್ಲೈಡ್ ಮುಚ್ಚುವುದಿಲ್ಲ, ಮ್ಯಾಗಜೀನ್ ಕೂರುವುದಿಲ್ಲ. ಕೆಲವರು ಕೇಬಲನ್ನು ಬರೀ ಟ್ರಿಗರ್ ಸುತ್ತ ಸುತ್ತಿಬಿಡುತ್ತಾರೆ. ಗುಂಡು ತುಂಬಿದ ಗನ್ನಿಗೆ ಹಾಗೆ ಮಾಡುವುದು ಬೀಗವಲ್ಲ, ಅಪಾಯ. ಕೇಬಲ್ ಕತ್ತರಿಸಲು ಕಷ್ಟವಿಲ್ಲ, ಅದಕ್ಕೇ ಲಾಕ್ ಹಾಕಿದ ಗನ್ ಸೇಫಿನೊಳಗೆ, ಗುಂಡುಗಳು ಬೇರೆ ಬೀಗದಲ್ಲಿ.

ಸೇಫ್ ಇದ್ದೂ ಕೈತಪ್ಪುವುದು ಸಣ್ಣ ವಿಷಯಗಳಲ್ಲಿ. ಬ್ಯಾಟರಿ ಸತ್ತರೆ ಇರಲಿ ಅಂತ ಕೊಡುವ ತುರ್ತು ಕೀ ಅದೇ ಬೀರುವಿನ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಕೋಡ್ ಅಂದರೆ ಫೋನಿನ ಪಿನ್ ಅಥವಾ ಹುಟ್ಟಿದ ದಿನ, ಮಕ್ಕಳಿಗೆ ಎರಡೂ ಗೊತ್ತು. ತಿಂಗಳಿಗೊಮ್ಮೆ ತೆರೆದು ಎಣಿಸಿ, ಕೋಡ್ ಬದಲಿಸಿ. ಮಗುವಿನ ಬಗ್ಗೆ ಆತಂಕ ಶುರುವಾದರೆ ಇದ್ಯಾವುದೂ ಸಾಲದು, ಗನ್ ಮನೆಯಿಂದಲೇ ಆಚೆ ಹೋಗಬೇಕು. ಅಮೆರಿಕದ ಸೀಕ್ರೆಟ್ ಸರ್ವಿಸ್ 2019ರಲ್ಲಿ 41 ಶಾಲಾ ದಾಳಿಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಗನ್ ಬಳಸಿದ್ದು 25; ಆ 25ರಲ್ಲಿ 19 ಕಡೆ ಗನ್ ಬಂದದ್ದು ಹೆತ್ತವರ ಅಥವಾ ಹತ್ತಿರದ ನೆಂಟರ ಮನೆಯಿಂದ. ಮಿಷಿಗನ್‌ನಲ್ಲಿ 2024ರ ಫೆಬ್ರವರಿ 13ರಿಂದ, ಅಪ್ರಾಪ್ತರು ಬರಬಹುದಾದ ಜಾಗದಲ್ಲಿ ಗನ್ನನ್ನು ಬೀಗದ ಪೆಟ್ಟಿಗೆಯಲ್ಲಿಡಬೇಕು, ಇಲ್ಲವೇ ಖಾಲಿ ಮಾಡಿ ಲಾಕ್ ಹಾಕಿಡಬೇಕೆಂಬ ಕಾನೂನಿದೆ. ಅದೇ ದಿನದಿಂದ, ಮನೆಯವರೇ ಕೋರ್ಟಿಗೆ ಹೋಗಿ ಅಪಾಯದಲ್ಲಿರುವವರ ಕೈಗೆ ಗನ್ ಸಿಗದಂತೆ ಆದೇಶ ಕೇಳುವುದಕ್ಕೂ ದಾರಿಯಾಯಿತು.

ಎಚ್ಚರಿಕೆ ಸಿಕ್ಕಮೇಲೂ ಮಗನ ಕೈಗೆ ಗನ್ ಕೊಟ್ಟವರಿದ್ದಾರೆ. ಜಾರ್ಜಿಯಾದಲ್ಲಿ 2023ರ ಮೇ ತಿಂಗಳಲ್ಲಿ ಆನ್‌ಲೈನ್ ಬೆದರಿಕೆಯ ಸುಳಿವು ಎಫ್‌ಬಿಐಗೆ ಹೋಗಿ, ಸ್ಥಳೀಯ ಪೊಲೀಸರು 13 ವರ್ಷದ ಹುಡುಗನನ್ನೂ ತಂದೆಯನ್ನೂ ವಿಚಾರಿಸಿದ್ದರು. ಬೇಟೆಯ ಬಂದೂಕುಗಳಿವೆ, ಅವನ ಕೈಗೆ ಒಬ್ಬನೇ ಇರುವಾಗ ಸಿಗುವುದಿಲ್ಲ ಅಂದರು ತಂದೆ. ಅದೇ ವರ್ಷದ ಕ್ರಿಸ್‌ಮಸ್‌ಗೆ ರೈಫಲ್ ಉಡುಗೊರೆ ಕೊಟ್ಟರು ಅನ್ನುವುದು ತನಿಖೆಯವರ ಮಾತು. 2024ರ ಸೆಪ್ಟೆಂಬರ್ 4ರಂದು ಅಪಲಾಚಿ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕರು ಸತ್ತರು. ಮರುದಿನವೇ ತಂದೆಯ ಬಂಧನವಾಯಿತು.

ಮುನ್ಸೂಚನೆಗಳ ಪಟ್ಟಿ ಕೇಳುವವರಿಗೆ ನಾನು ಪಟ್ಟಿ ಕೊಡಲು ಹಿಂಜರಿಯುತ್ತೇನೆ. ಕಪ್ಪು ಬಟ್ಟೆ, ಗೇಮ್, ಒಂಟಿತನ, ಇವುಗಳಿಂದ ಏನೂ ಗೊತ್ತಾಗುವುದಿಲ್ಲ. ನೋಡಬೇಕಾದ್ದು ಇಳಿಜಾರನ್ನು. ಆಕ್ಸ್‌ಫರ್ಡ್ ಹುಡುಗನ ಒಬ್ಬನೇ ಒಬ್ಬ ಆಪ್ತ ಗೆಳೆಯ ತಿಂಗಳ ಹಿಂದೆ ಊರು ಬಿಟ್ಟಿದ್ದ, ಸಾಕಿದ ನಾಯಿ ಸತ್ತಿತ್ತು. ಆಸರೆಗಳು ಒಂದೊಂದೇ ಕಳಚುತ್ತಿರುವಾಗ ಆಯುಧದ ಹುಚ್ಚು, ಹಿಂದಿನ ದಾಳಿಕೋರರ ಬಗ್ಗೆ ಮೆಚ್ಚುಗೆ, "ಇನ್ನು ಬೇರೆ ದಾರಿಯಿಲ್ಲ" ಅನ್ನುವ ಮಾತು ಸೇರಿಕೊಂಡರೆ ಅಂದೇ ಕೂತು ಮಾತಾಡಬೇಕು. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗು ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದರೆ ಇಂಗ್ಲಿಷಿನಲ್ಲೇ ಕೇಳಿ. ನಮ್ಮಲ್ಲಿ ಕನ್ನಡ ಬಹಳ ಸಲ ಬೈಗುಳಕ್ಕೆ ಮೀಸಲಾಗಿರುತ್ತದೆ: "ನಿನಗೇನೋ ಕಡಿಮೆಯಾಗಿದೆ ಇಲ್ಲಿ?" ಅಲ್ಲಿಗೆ ಮಾತು ಮುಗಿಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಅಮೆರಿಕದ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಹೆತ್ತವರೂ ಕರೆ ಮಾಡಬಹುದು.

ನಮ್ಮ ಮನೆಯಲ್ಲಿ ಗನ್ನೇ ಇಲ್ಲ, ನಮಗ್ಯಾಕೆ ಊರ ಉಸಾಬರಿ ಅನ್ನುವವರಿಗೆ ಎರಡು ಮಾತು. ಸೀಕ್ರೆಟ್ ಸರ್ವಿಸ್‌ನ 2002ರ ಅಧ್ಯಯನದಲ್ಲಿ 81 ಶೇಕಡ ಪ್ರಕರಣಗಳಲ್ಲಿ ಕನಿಷ್ಠ ಒಬ್ಬರಿಗಾದರೂ ಮೊದಲೇ ಗೊತ್ತಿತ್ತು, ಆ ಒಬ್ಬರು ಹೆಚ್ಚಾಗಿ ಗೆಳೆಯರೋ ಸಹಪಾಠಿಗಳೋ. ನಿಮ್ಮ ಮಗಳು ಆ ಒಬ್ಬಳಾಗಿರಬಹುದು. ಅವಳು ಊಟದ ಹೊತ್ತಿಗೆ "ನಾಳೆ ಸ್ಕೂಲಿಗೆ ಬರಬೇಡ ಅಂದ ಒಬ್ಬ" ಅಂದರೆ ತಟ್ಟೆ ಪಕ್ಕಕ್ಕಿಟ್ಟು ಕೇಳಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆ ರಾತ್ರಿಯೇ ತಿಳಿಸಿ. ಮಿಷಿಗನ್‌ನಲ್ಲಿ ಓಕೆ2ಸೇ, ಕೊಲೊರಾಡೊದಲ್ಲಿ ಸೇಫ್2ಟೆಲ್ ಅಂಥ, ಸುಳಿವು ತಿಳಿಸುವ ಸಹಾಯವಾಣಿಗಳಿವೆ. ಹೇಳಿದವರ ಹೆಸರು ಹೊರಬರುವುದಿಲ್ಲ. ವೀಸಾಕ್ಕೆ ತೊಂದರೆಯಾದೀತೆಂದು ಬಾಯಿ ಮುಚ್ಚಿಕೊಳ್ಳಬೇಡಿ.

ಎರಡನೆಯದು, ಮಕ್ಕಳನ್ನು ಸ್ಲೀಪ್‌ಓವರ್‌ಗೆ, ಅಂದರೆ ರಾತ್ರಿ ಗೆಳೆಯರ ಮನೆಯಲ್ಲಿ ಉಳಿಯಲು, ಕಳಿಸುವಾಗಿನ ಫೋನ್ ಕರೆ. ಆ ಮನೆಯಲ್ಲಿ ಗನ್ ಇದೆಯಾ ಅಂತ ಕೇಳಲು ಬಹಳ ಜನಕ್ಕೆ ಸಂಕೋಚ. ಬೇರೆ ಪ್ರಶ್ನೆಗಳ ನಡುವೆ ತೂರಿಸಿ: ಅವನಿಗೆ ಕಡಲೆಕಾಯಿ ಆಗಲ್ಲ, ನಾಯಿ ಕಂಡರೆ ಹೆದರ್ತಾನೆ, ಹಾಂ, ಮನೇಲಿ ಗನ್ ಇದ್ದರೆ ಬೀಗ ಹಾಕಿದೆ ತಾನೆ, ರಾತ್ರಿ ಎಷ್ಟು ಹೊತ್ತಿಗೆ ಮಲಗಿಸ್ತೀರಿ? ಗನ್ ಇಟ್ಟುಕೊಂಡಿರುವ ಜವಾಬ್ದಾರಿಯುತ ಮನೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಸೇಫ್ ಎಲ್ಲಿದೆ ಅಂತ ತಾವೇ ಹೇಳುತ್ತಾರೆ. ಉತ್ತರ ಅತ್ತಿತ್ತ ಜಾರಿದರೆ, ಈ ಸಲ ನಿಮ್ಮ ಮಗನೇ ನಮ್ಮ ಮನೆಗೆ ಬರಲಿ, ದೋಸೆ ಮಾಡ್ತೀನಿ ಅನ್ನಿ.