ಭೂಫಲಕದ ನಡುವಿನ ಜ್ವಾಲಾಮುಖಿ: ಬೀಕರಿನಲ್ಲಿ ತೋರಿಸುವ ವಿಧಾನ

ಹಾಸನದ ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ವರ್ಷವರ್ಷವೂ ಜೇಡಿಮಣ್ಣಿನ ಗುಡ್ಡದ ಬಾಯಿಗೆ ಅಡುಗೆ ಸೋಡಾ, ವಿನೆಗರ್ ಸುರಿಯುವುದನ್ನು ನೋಡುತ್ತಿದ್ದೇನೆ. ನೊರೆ ಉಕ್ಕುತ್ತದೆ, ನಿಜ. ಆದರೆ ಭೂಫಲಕದ (ಭೂಮಿಯ ಹೊರಕವಚದ ಚಲಿಸುವ ಬೃಹತ್ ತುಂಡಿನ) ಅಂಚಿನಿಂದ ಸುಮಾರು 3,200 ಕಿಲೋಮೀಟರ್ ದೂರದ ಹವಾಯಿಯಲ್ಲಿ ಜ್ವಾಲಾಮುಖಿ ಏಕಿದೆ ಎಂಬುದು ಅದರಿಂದ ತಿಳಿಯದು.

ಮೊದಲು, ಶಾಖ ತಡೆಯುವ ಗಾಜಿನ ಬೀಕರನ್ನು ಮುಕ್ಕಾಲಿ ಸ್ಟ್ಯಾಂಡಿನ ಮೇಲಿಟ್ಟು, ತಣ್ಣೀರು ತುಂಬಿ, ಹತ್ತು ನಿಮಿಷ ಅಲುಗಿಸದೆ ಬಿಡಿ.

ಬಹುತೇಕರು ಎಡವುವುದು ಮುಂದಿನ ಹಂತದಲ್ಲಿ. ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳನ್ನು ಮೇಲಿನಿಂದ ಹಾಕಿದರೆ ಅದು ದಾರಿಯುದ್ದಕ್ಕೂ ಬಣ್ಣ ಬಿಟ್ಟುಕೊಂಡು ಇಳಿದು ನೀರೆಲ್ಲ ನೇರಳೆಯಾಗುತ್ತದೆ. ಗಾಜಿನ ಕೊಳವೆಯೊಂದನ್ನು ತಳ ಮುಟ್ಟುವಂತೆ ನಿಲ್ಲಿಸಿ, ಅದರೊಳಗೆ ಒಂದೇ ಒಂದು ಹರಳನ್ನು ಚಿಮಟದಿಂದ ಬಿಟ್ಟು, ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಕೊಳವೆಯನ್ನು ನಿಧಾನವಾಗಿ ಮೇಲೆತ್ತಿ. ಬಣ್ಣದ ನೀರು ಕೊಳವೆಯಲ್ಲೇ ಉಳಿದು ಹರಳು ತಳದಲ್ಲಿ ನಿಲ್ಲುತ್ತದೆ. ಹರಳಿನ ನೇರ ಕೆಳಗೆ ಒಂದು ಸಣ್ಣ ಮೇಣದಬತ್ತಿ ಸಾಕು. ಗ್ಯಾಸ್ ಒಲೆ ಬೇಡವೇ ಬೇಡ, ಅದು ತಳವನ್ನೆಲ್ಲ ಕಾಯಿಸಿಬಿಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೇರಳೆ ಎಳೆಯೊಂದು ಮೇಲೇರಿ, ನೀರಿನ ಮೇಲ್ಮೈಯಲ್ಲಿ ಕೊಡೆಯಂತೆ ಹರಡುತ್ತದೆ.

ಚಾರ್ಟಿನಲ್ಲಿ ‘ಲಾವಾರಸದ ಸಮುದ್ರ’ ಎಂದು ದಯವಿಟ್ಟು ಬರೆಯಬೇಡಿ. ಬೀಕರಿನ ನೀರು ಸೂಚಿಸುವ ಮ್ಯಾಂಟಲ್, ಎಂದರೆ ಭೂಮಿಯ ಹೊರಪದರದ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದವರೆಗಿನ ಪದರ, ಬಹುಪಾಲು ಗಟ್ಟಿ ಶಿಲೆ. ಅದು ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಹರಿಯುತ್ತದೆ. ಆಳದಿಂದ ಏರುವ ಬಿಸಿ ಶಿಲೆಯ ಮೇಲಿನ ಒತ್ತಡ ತಗ್ಗಿದಂತೆ, ಹೊಸದಾಗಿ ಶಾಖ ಸೇರದಿದ್ದರೂ, ಅದರ ಸ್ವಲ್ಪ ಭಾಗ ಕರಗಿ ಶಿಲಾಪಾಕವಾಗುತ್ತದೆ.

ಕೊನೆಗೆ ಬೀಕರಿನ ಬಾಯಿಯ ಮೇಲೆ ಭೂಫಲಕದ ಬದಲಿಗೆ ಪಾರದರ್ಶಕ ಹಾಳೆಯಿಟ್ಟು, ಎಳೆಯ ನೇರಕ್ಕೆ ಚುಕ್ಕೆ ಹಾಕಿ, ಹಾಳೆಯನ್ನು ಒಂದು ಬೆರಳಗಲ ಸರಿಸಿ, ಮತ್ತೆ ಚುಕ್ಕೆ ಹಾಕಿ. ನೀರೆಲ್ಲ ಬಣ್ಣವಾಗುವ ಮೊದಲೇ ಇದು ಮುಗಿಯಬೇಕು. ಮೇಣದಬತ್ತಿ ಇದ್ದಲ್ಲೇ ಇದ್ದರೂ ಚುಕ್ಕೆಗಳು ಸಾಲಾಗುತ್ತವೆ. ಹವಾಯಿ ದ್ವೀಪಗಳ ಸಾಲನ್ನು 1963ರಲ್ಲಿ ಭೂವಿಜ್ಞಾನಿ ಟೂಝೋ ವಿಲ್ಸನ್ ವಿವರಿಸಿದ್ದು ಹೀಗೆಯೇ. ಮೇಣದಬತ್ತಿಯಂತೆ ಇದ್ದಲ್ಲೇ ಇರುವ ಆ ಬಿಸಿ ಮ್ಯಾಂಟಲಿನ ಆಳದಿಂದ ಏರುತ್ತದೆಂದು 1971ರಲ್ಲಿ ಭೂಭೌತವಿಜ್ಞಾನಿ ಜೇಸನ್ ಮಾರ್ಗನ್ ಪ್ರತಿಪಾದಿಸಿದರು. ಪೆಸಿಫಿಕ್ ಫಲಕ ವಾಯವ್ಯಕ್ಕೆ ಸರಿಯುತ್ತಿರುವುದರಿಂದ ಆ ದಿಕ್ಕಿನ ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷವಾಗಿದೆ, ಆಗ್ನೇಯದ ಕಿಲೌಯಾ ಜ್ವಾಲಾಮುಖಿ ಇಂದಿಗೂ ಲಾವಾ ಉಗುಳುತ್ತಿದೆ.

ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯನ್ನು ಇಂಥ ಜ್ವಾಲಾಮುಖಿಯ ಉದಾಹರಣೆಯಾಗಿ ಕೊಡಬೇಡಿ, ಅಲ್ಲಿನ ಶಿಲೆಗಳು 250 ಕೋಟಿ ವರ್ಷಕ್ಕಿಂತಲೂ ಹಳೆಯವು. ಬೀದರಿನ ಕಪ್ಪು ಬಸಾಲ್ಟನ್ನು ತೋರಿಸಿ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಆ ದಖ್ಖನ್ ಲಾವಾಕ್ಕೂ ಹಿಂದೂ ಮಹಾಸಾಗರದಲ್ಲಿರುವ ಇಂದಿನ ರಿಯೂನಿಯನ್ ದ್ವೀಪದ ಜ್ವಾಲಾಮುಖಿಗೂ ಮೂಲ ಒಂದೇ ಎಂಬುದು ಬಹಳಷ್ಟು ಭೂವಿಜ್ಞಾನಿಗಳ ಅಭಿಪ್ರಾಯ; ನಡುವೆ ಲಕ್ಷದ್ವೀಪ, ಮಾಲ್ಡೀವ್ಸ್ ಚುಕ್ಕೆಗಳಂತೆ ಸಾಲುಗಟ್ಟಿವೆ.